ನಿಯೋಡೈಮಿಯಂ ಎಂಬ ಯಮಳ ಲೋಹದ ಚರಿತ್ರೆ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಎಂಬ ಮೂರೆಡೆಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿರುವುದು ವಾಚಕರಿಗೆ ವಿದಿತವೇ ಆಗಿದೆ. ಬಿ. ಎಲ್. ರೈಸ್ ಮಹಾಶಯರು 1892ರಲ್ಲಿ ಅವನ್ನು ಬೆಳಕಿಗೆ ತಂದ ಮೇಲೆ ನಮ್ಮ ಸೀಮೆಯ ಲಿಖಿತ ಚರಿತ್ರೆಯು ಕ್ರಿಸ್ತಪೂರ್ವ ಮೂರನೆಯ ಶತಮಾನದವರೆಗೆ ಹಿಂದಕ್ಕೆ ಸರಿಯಿತು. ಬ್ರಹ್ಮಗಿರಿಯ ಬಂಡೆಯ ಮೇಲೆ ಲಿಪಿಕಾರನಾದ ಚಪಡನು ಶಾಸನವನ್ನೆಲ್ಲ ಬ್ರಾಹ್ಮಿಯಲ್ಲಿ ಕೆತ್ತಿ, ತಾನು ಲಿಪಿಕಾರನೆಂಬುದನ್ನು ಸೂಚಿಸುವ ಕೊನೆಯ ಪದವೊಂದನ್ನು ಮಾತ್ರ ವಾಯವ್ಯ ದೇಶದ ಖರೋಷ್ಠಿಯಲ್ಲಿ ಕೆತ್ತಿರುವನು. ಅಂತು ಒಂದೇ ಬಂಡೆಯ ಮೇಲೆ ಎರಡು ಲಿಪಿಗಳು ನಿಂತಿವೆ. ಆದರೆ ಆ ಬಂಡೆ ಯಾವಾಗ ಹುಟ್ಟಿತು, ಅದರ ನೆರೆಯ ಚಿತ್ರದುರ್ಗದ ಕರಿಗಲ್ಲುಗಳ ವಯಸ್ಸೆಷ್ಟು ಎಂಬುದನ್ನು ಯಾವ ಚಪಡನೂ ಬರೆದಿಡಲಿಲ್ಲ. ಅದು ಶಿಲೆಯ ಒಳಗೇ, ಕಣ್ಣಿಗೆ ಕಾಣದ ಪರಮಾಣುಗಳ ಲೆಕ್ಕದಲ್ಲಿ ಬರೆದಿದೆ. ಆ ಲೆಕ್ಕವನ್ನು ಇಟ್ಟುಕೊಂಡಿರುವ ಲೋಹಗಳಲ್ಲಿ ಮುಖ್ಯವಾದುದು ನಿಯೋಡೈಮಿಯಂ. ಈ ಲೋಹದ ಸ್ವರೂಪವನ್ನೂ, ಮನುಷ್ಯರು ಅದನ್ನು ಗುರುತಿಸಿದ ಕ್ರಮವನ್ನೂ, ನಮ್ಮ ಸೀಮೆಗೂ ಅದಕ್ಕೂ ಇರುವ ನಂಟನ್ನೂ ಈ ಲೇಖನದಲ್ಲಿ ಸಂಗ್ರಹವಾಗಿ ನಿರೂಪಿಸುವೆವು.

ಮೊದಲು ಹೆಸರಿನ ವಿಚಾರ. ನಿಯೋಡೈಮಿಯಂ ಎಂಬುದು ವಿರಳ ಭಸ್ಮ ಲೋಹಗಳೆಂಬ ಹದಿನೇಳು ಲೋಹಗಳ ಕುಲಕ್ಕೆ ಸೇರಿದುದು. ಯೂರೋಪಿನ ಹಳೆಯ ರಸಾಯನಜ್ಞರು, ಬೆಂಕಿಗೆ ಕರಗದ, ನೀರಿನಲ್ಲಿ ಲೀನವಾಗದ ಪುಡಿಗಳನ್ನು ‘ಮಣ್ಣು’ ಎಂದು ಕರೆಯುತ್ತಿದ್ದರು. ಅವು ನಿಜವಾಗಿ ಲೋಹವು ಆಮ್ಲಜನಕದೊಡನೆ ಕೂಡಿ ಆದ ಪದಾರ್ಥಗಳು. ಕನ್ನಡದಲ್ಲಿ ಅದಕ್ಕೆ ಭಸ್ಮವೆಂಬ ಶಬ್ದವನ್ನು ಬಳಸಿದುದು ಬಹು ಸಮಂಜಸವಾಗಿದೆ. ‘ವಿರಳ’ ಎಂಬ ವಿಶೇಷಣ ಮಾತ್ರ ಅಷ್ಟು ಸಮಂಜಸವಲ್ಲ. ಭೂಮಿಯ ಮೇಲ್ಪದರದ ಒಂದು ಟನ್ ಶಿಲೆಯಲ್ಲಿ ಸರಾಸರಿ ಸುಮಾರು 40 ಗ್ರಾಂ ನಿಯೋಡೈಮಿಯಂ ಇರುವುದೆಂದು ಎಣಿಕೆ ಉಂಟು. ಮನೆಮನೆಗೂ ಪರಿಚಿತವಾದ ಸೀಸವು ಅದರ ಅರ್ಧದಷ್ಟೂ ಇಲ್ಲ. ಹೀಗಿದ್ದರೂ ಇದು ವಿರಳವೆನ್ನಿಸಿಕೊಂಡುದಕ್ಕೆ ಎರಡು ಕಾರಣಗಳು. ಇಂಗಳದಾಳದಲ್ಲಿ ತಾಮ್ರವು ಒಂದೆಡೆ ಕೂಡಿಕೊಂಡಿದ್ದುದರಿಂದ ಅಲ್ಲಿ ಗಣಿ ನಡೆಯಿತು. ನಿಯೋಡೈಮಿಯಂ ಹಾಗೆ ಗುಂಪುಗೂಡುವುದು ಅಪೂರ್ವ, ಎಲ್ಲ ಕಲ್ಲುಗಳಲ್ಲಿಯೂ ಇಷ್ಟಿಷ್ಟು ಚೆದರಿಹೋಗಿರುತ್ತದೆ. ಇದು ಮೊದಲನೆಯದು. ಸಿಕ್ಕಿದ ಕಡೆಯಲ್ಲಿಯೂ ಅದು ಒಂಟಿಯಾಗಿರದೆ ತನ್ನನ್ನೇ ಹೋಲುವ ದಾಯಾದಿಗಳ ನಡುವೆ ಅಡಗಿರುತ್ತದೆ. ಇದು ಎರಡನೆಯದು. ಈ ಲೋಹದ ಚರಿತ್ರೆಯೆಂದರೆ ಬಹುಮಟ್ಟಿಗೆ ಈ ಎರಡನೆಯ ಕಷ್ಟವನ್ನು ಮನುಷ್ಯರು ದಾಟಿದ ಚರಿತ್ರೆ.

ಈ ಚರಿತ್ರೆಯ ಆರಂಭ ಸ್ವೀಡನ್ ದೇಶದಲ್ಲಿ. 1787ರಲ್ಲಿ ಆರೀನಿಯಸ್ ಎಂಬ ಸೇನಾಧಿಕಾರಿಗೆ ಈಟರ್ಬಿ ಎಂಬ ಹಳ್ಳಿಯ ಗಣಿಯಲ್ಲಿ ಭಾರವಾದ ಕರಿಯ ಕಲ್ಲೊಂದು ದೊರೆಯಿತು. 1794ರಲ್ಲಿ ಗ್ಯಾಡೊಲಿನ್ ಎಂಬ ಪಂಡಿತನು ಅದರಲ್ಲಿ ಹೊಸದೊಂದು ಭಸ್ಮವಿರುವುದನ್ನು ಕಂಡನು. 1803ರಲ್ಲಿ ಬರ್ಜೀಲಿಯಸ್ ಮತ್ತು ಹಿಸಿಂಗರ್ ಎಂಬವರು ಸ್ವೀಡನ್ನಿನ ಇನ್ನೊಂದು ಖನಿಜದಲ್ಲಿ ಮತ್ತೊಂದು ಭಸ್ಮವನ್ನು ಕಂಡು ಅದಕ್ಕೆ ಸೀರಿಯವೆಂದು ಹೆಸರಿಟ್ಟರು. ಅದೇ ವರ್ಷ ಜರ್ಮನಿಯ ಕ್ಲಾಪ್ರೋತನೂ ಅದನ್ನು ಸ್ವತಂತ್ರವಾಗಿ ಕಂಡಿದ್ದನು. ಈ ಭಸ್ಮವು ಒಂದೇ ಪದಾರ್ಥವೆಂದು ಮೂವತ್ತಾರು ವರ್ಷಗಳ ಕಾಲ ಎಲ್ಲರೂ ನಂಬಿದ್ದರು. ಬರ್ಜೀಲಿಯಸನ ಶಿಷ್ಯನಾದ ಮೊಸಾಂಡರನು 1839ರಲ್ಲಿ ಅದರಿಂದ ಲ್ಯಾಂಥನವನ್ನು ಬೇರ್ಪಡಿಸಿದನು. ಅಡಗಿದ್ದುದು ಎಂಬ ಅರ್ಥ ಆ ಹೆಸರಿನಲ್ಲಿದೆ. 1841ರಲ್ಲಿ ಅದೇ ಮೊಸಾಂಡರನಿಗೆ ಇನ್ನೊಂದು ಪದಾರ್ಥ ಸಿಕ್ಕಿತು. ಅದು ಲ್ಯಾಂಥನಕ್ಕೆ ಜೊತೆಹುಟ್ಟಿದಂತೆ ಕಂಡುದರಿಂದ ಗ್ರೀಕ್ ಭಾಷೆಯಲ್ಲಿ ಯಮಳ ಎಂಬರ್ಥ ಬರುವಂತೆ ಡೈಡೈಮಿಯಂ ಎಂದು ಕರೆದನು.

ಈ ಹೆಸರು ಅವನು ಎಣಿಸಿದುದಕ್ಕಿಂತ ಹೆಚ್ಚು ನಿಜವಾಯಿತು. ಡೈಡೈಮಿಯವೇ ಯಮಳಗಳ ಜೋಡಿಯಾಗಿತ್ತು. ಆಸ್ಟ್ರಿಯ ದೇಶದ ಕಾರ್ಲ್ ಔಯರ್ ಎಂಬ ರಸಾಯನಜ್ಞನು 1885ರಲ್ಲಿ ವಿಯೆನ್ನಾ ನಗರದಲ್ಲಿ ಅದನ್ನು ಎರಡಾಗಿ ಒಡೆದನು. ಅವನು ಹಿಡಿದ ಮಾರ್ಗ ಸರಳವಾದುದು, ಆದರೆ ಅಪಾರ ತಾಳ್ಮೆಯನ್ನು ಬೇಡುವಂಥದು. ಸಕ್ಕರೆಯ ಪಾಕ ಆರುತ್ತ ಬಂದಾಗ ಕಲ್ಲುಸಕ್ಕರೆಯ ಹರಳು ಕಟ್ಟುವುದನ್ನು ಎಲ್ಲರೂ ನೋಡಿರುವರಷ್ಟೆ. ಡೈಡೈಮಿಯಂ ಮತ್ತು ಅಮೋನಿಯಂ ಕೂಡಿದ ನೈಟ್ರೇಟ್ ಲವಣವನ್ನು ನೀರಿನಲ್ಲಿ ಕರಗಿಸಿ ಇಂಗಿಸಿದರೆ ಅದೂ ಹರಳು ಕಟ್ಟುತ್ತದೆ. ಆಗ ಯಮಳಗಳಲ್ಲೊಂದು ಹರಳಿನಲ್ಲಿ ಎಳ್ಳಷ್ಟು ಹೆಚ್ಚಾಗಿಯೂ, ಇನ್ನೊಂದು ಉಳಿದ ನೀರಿನಲ್ಲಿ ಎಳ್ಳಷ್ಟು ಹೆಚ್ಚಾಗಿಯೂ ನಿಲ್ಲುತ್ತದೆ. ಹರಳನ್ನು ತೆಗೆದು ಪುನಃ ಕರಗಿಸಿ, ಪುನಃ ಹರಳು ಕಟ್ಟಿಸಿ, ಹೀಗೆಯೇ ಮತ್ತೆ ಮತ್ತೆ ಮಾಡುತ್ತ ಹೋದಾಗ ಒಂದು ಕಡೆ ಹಸುರು ಬಣ್ಣದ ಲವಣವೂ ಇನ್ನೊಂದು ಕಡೆ ನಸುಗೆಂಪು ಮಿಶ್ರವಾದ ನೇರಿಳೆ ಬಣ್ಣದ ಲವಣವೂ ಬೇರೆ ಬೇರೆಯಾಗಿ ಬಂದವು. ಹಸುರಿನದು ಪ್ರಾಸಿಯೋಡೈಮಿಯಂ, ಎಂದರೆ ಹಸುರು ಯಮಳ. ನೇರಿಳೆಯದು ನಿಯೋಡೈಮಿಯಂ, ಎಂದರೆ ಹೊಸ ಯಮಳ. ಈ ವಿದ್ಯೆಗೆ ಎಷ್ಟು ಸಹನೆ ಬೇಕೆಂಬುದಕ್ಕೆ ಇನ್ನೊಂದು ನಿದರ್ಶನ: ಇದೇ ಕುಲದ ತೂಲಿಯಂ ಎಂಬ ಲೋಹದ ಲವಣವನ್ನು ಶುದ್ಧಗೊಳಿಸಲು ಅಮೆರಿಕದ ಚಾರ್ಲ್ಸ್ ಜೇಮ್ಸ್ ಎಂಬ ಅಧ್ಯಾಪಕನು ಸುಮಾರು 15,000 ಸಲ ಹರಳು ಕಟ್ಟಿಸಿ 1911ರಲ್ಲಿ ಫಲವನ್ನು ಪ್ರಕಟಿಸಿದನು.

ಈ ಔಯರನ ಹೆಸರನ್ನು ನಮ್ಮ ಹಳ್ಳಿಗಳು ಕೇಳಿರಲಾರವು. ಅವನ ಬೆಳಕನ್ನು ಮಾತ್ರ ಚೆನ್ನಾಗಿ ಬಲ್ಲವು. ಜಾತ್ರೆಗಳಲ್ಲಿಯೂ ಬಯಲಾಟಗಳಲ್ಲಿಯೂ ಮದುವೆಯ ಮೆರವಣಿಗೆಗಳಲ್ಲಿಯೂ ಉರಿಯುತ್ತಿದ್ದ ಪೆಟ್ರೋಮ್ಯಾಕ್ಸ್ ದೀಪದೊಳಗಿನ ಬಿಳಿಯ ಬಲೆ ಅವನ ಕಲ್ಪನೆ. 1885ರಲ್ಲಿ ಮೊದಲು ಮಾಡಿದ ಬಲೆಯನ್ನು ತಿದ್ದಿ, 1891ರಲ್ಲಿ ಥೋರಿಯಂ ಭಸ್ಮ ನೂರಕ್ಕೆ ತೊಂಬತ್ತೊಂಬತ್ತು, ಸೀರಿಯಂ ಭಸ್ಮ ನೂರಕ್ಕೆ ಒಂದು ಎಂಬ ಪ್ರಮಾಣದಲ್ಲಿ ಅವನು ಅದನ್ನು ಸಿದ್ಧಪಡಿಸಿದನು. ಥೋರಿಯಂ ದೊರೆಯುವುದು ಮೋನಝೈಟ್ ಎಂಬ ಖನಿಜದಲ್ಲಿ. 1909ರಲ್ಲಿ ಜರ್ಮನಿಯ ಷಾಂಬರ್ಗ್ ಎಂಬವನು ತಿರುವಾಂಕೂರಿನ ಕಡಲ ಮರಳಿನಲ್ಲಿ ಮೋನಝೈಟ್ ಇರುವುದನ್ನು ಪತ್ತೆ ಹಚ್ಚಿದ ಮೇಲೆ ಆ ಮರಳು ದೀಪದ ಬಲೆಗಾಗಿ ಯೂರೋಪಿಗೆ ಹಡಗು ಹತ್ತಿತು. ಮೋನಝೈಟಿನಲ್ಲಿ ಥೋರಿಯವಲ್ಲದೆ ಸೀರಿಯಂ, ಲ್ಯಾಂಥನಂ, ನಿಯೋಡೈಮಿಯಂ ಎಲ್ಲವೂ ಹೇರಳವಾಗಿವೆ. ಆಗ ಅವುಗಳಿಗೆ ಬೆಲೆ ಇರಲಿಲ್ಲ. ಥೋರಿಯವನ್ನು ತೆಗೆದ ಮೇಲೆ ಉಳಿಯುವ ಕಸವಾಗಿದ್ದವು. ಔಯರನೇ 1903ರಲ್ಲಿ ಆ ಮಿಶ್ರಲೋಹಕ್ಕೆ ಕಬ್ಬಿಣ ಬೆರೆಸಿ ಸಿಗರೇಟು ಲೈಟರಿನ ಕಿಡಿಗಲ್ಲನ್ನು ಮಾಡಿ, ಕಸದಲ್ಲಿ ಸ್ವಲ್ಪಕ್ಕೆ ಉಪಯೋಗ ಕಲ್ಪಿಸಿದನು.

ಇಷ್ಟು ಒಂದನ್ನೊಂದು ಹೋಲುವ ಲೋಹಗಳು ಹೇಗಾದವು? ಹೋಲಿಕೆ ಇಷ್ಟಿರುವಾಗ ಅವು ಬೇರೆ ಬೇರೆ ಎನ್ನುವುದಾದರೂ ಹೇಗೆ? ತರ್ಕಸಂಗ್ರಹವನ್ನು ಓದಿದವರಿಗೆ ಇಂಥ ಪ್ರಶ್ನೆ ಹೊಸದಲ್ಲ. ವೈಶೇಷಿಕ ದರ್ಶನದವರು ದ್ರವ್ಯ, ಗುಣ, ಕರ್ಮ ಮೊದಲಾದ ಪದಾರ್ಥಗಳ ಜೊತೆಗೆ ‘ವಿಶೇಷ’ ಎಂಬುದನ್ನೂ ಎಣಿಸಿ, ಗುಣದಲ್ಲಿ ಸರ್ವಥಾ ಸಮಾನವಾದ ಎರಡು ಪರಮಾಣುಗಳನ್ನು ಬೇರೆಯೆಂದು ತೋರಿಸುವುದು ಇದೇ ಎಂದರು. ಆ ದರ್ಶನಕ್ಕೆ ಈ ಪದ ಹೆಸರನ್ನೇ ಕೊಟ್ಟಿದೆ. ಕಣಾದರ ಪರಮಾಣುವೇ ಇಂದಿನ ಪ್ರಯೋಗಶಾಲೆಯ ಪರಮಾಣುವೆಂದು ಹೇಳುವುದು ಸಾಹಸವಾದೀತು. ಅವರದು ವಿಭಜಿಸಲಾಗದ ನಿತ್ಯವಸ್ತು, ಇಂದಿನವರದು ಒಳಗೆ ರಚನೆಯುಳ್ಳದ್ದು, ಕೆಲವು ತಾವಾಗಿಯೇ ಒಡೆಯುವಂಥವು. ಆದರೆ ಅವರು ಕೇಳಿದ ಪ್ರಶ್ನೆ ಒಳ್ಳೆಯದು. ವಿರಳ ಭಸ್ಮ ಲೋಹಗಳ ವಿಷಯದಲ್ಲಿ ಅದಕ್ಕೆ ಉತ್ತರ ಸಿಕ್ಕಿದ್ದು ಇಪ್ಪತ್ತನೆಯ ಶತಮಾನದಲ್ಲಿ.

1913ರಲ್ಲಿ ಇಂಗ್ಲೆಂಡಿನ ತರುಣ ಮೋಸ್ಲಿಯು ನಾನಾ ಮೂಲವಸ್ತುಗಳಿಂದ ಹೊರಡುವ ಎಕ್ಸ್-ಕಿರಣಗಳನ್ನು ಅಳೆದು, ಪ್ರತಿ ಮೂಲವಸ್ತುವಿಗೂ ಒಂದು ನಿಯತವಾದ ಕ್ರಮಸಂಖ್ಯೆ ಉಂಟೆಂದು ತೋರಿಸಿದನು. ಪರಮಾಣುವಿನ ಕೇಂದ್ರದಲ್ಲಿರುವ ಧನ ವಿದ್ಯುತ್ಕಣಗಳಾದ ಪ್ರೋಟಾನುಗಳ ಎಣಿಕೆಯೇ ಆ ಸಂಖ್ಯೆ. ಲ್ಯಾಂಥನದ ಸಂಖ್ಯೆ 57, ಲುಟೀಷಿಯದ್ದು 71. ನಡುವೆ ಎಷ್ಟು ಲೋಹಗಳಿವೆಯೆಂಬ ನೂರು ವರ್ಷದ ವಿವಾದ ಇದರಿಂದ ಮುಗಿಯಿತು. ನಿಯೋಡೈಮಿಯಂ 60, ಸಮೇರಿಯಂ 62. ನಡುವಣ 61ನೆಯ ಮನೆ ಬರಿದಾಗಿತ್ತು. ಅಲ್ಲಿರಬೇಕಾದ ಪ್ರೊಮೀಥಿಯಂ 1945ರಲ್ಲಿ ಅಮೆರಿಕದ ಓಕ್ ರಿಡ್ಜಿನಲ್ಲಿ, ಪರಮಾಣು ಭಟ್ಟಿಯ ಉಚ್ಛಿಷ್ಟದಲ್ಲಿ ದೊರೆಯಿತು. ಅದನ್ನು ನೋಡಲು ಮೋಸ್ಲಿ ಇರಲಿಲ್ಲ. 1915ರ ಆಗಸ್ಟ್ 10ರಂದು ಗ್ಯಾಲಿಪೊಲಿಯ ಯುದ್ಧದಲ್ಲಿ, ತನ್ನ ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಗುಂಡು ತಗಲಿ ಮಡಿದನು.

ಸಂಖ್ಯೆ ಬೇರೆಯಾದರೂ ಗುಣ ಒಂದೇ ಏಕೆ ಎಂಬುದಕ್ಕೆ ಡೆನ್ಮಾರ್ಕಿನ ಬೋರ್ ಪಂಡಿತನು 1921-22ರ ಸುಮಾರಿನಲ್ಲಿ ಸಮಾಧಾನ ಹೇಳಿದನು. ಅದನ್ನು ನಮ್ಮ ಚಿತ್ರದುರ್ಗದ ದೃಷ್ಟಾಂತದಿಂದ ತಿಳಿಯಬಹುದು. ದುರ್ಗವು ಏಳುಸುತ್ತಿನ ಕೋಟೆ. ನಿಯೋಡೈಮಿಯಂ ಪರಮಾಣು ಆರುಸುತ್ತಿನ ಕೋಟೆ. ನಡುವೆ 60 ಪ್ರೋಟಾನುಗಳುಳ್ಳ ಕೇಂದ್ರವಿದ್ದು, ಅದರ ಸುತ್ತಲೂ 60 ಎಲೆಕ್ಟ್ರಾನುಗಳು ಸುತ್ತುಸುತ್ತಾಗಿ ನೆಲೆಗೊಂಡಿವೆ. ಒಳಗಿನಿಂದ ಎಣಿಸಿದರೆ 2, 8, 18, 22, 8, 2. ಹೊರಗಿನಿಂದ ಬಂದವರಿಗೆ ಎದುರಾಗುವುದು ಹೊರಸುತ್ತಿನ ಇಬ್ಬರು ಕಾವಲುಗಾರರು ಮಾತ್ರ. ಒಂದು ಮೂಲವಸ್ತು ಇನ್ನೊಂದರೊಡನೆ ಕೂಡುವುದು, ಬಿಡುವುದು, ಲವಣವಾಗುವುದು, ಭಸ್ಮವಾಗುವುದು ಎಲ್ಲವೂ ಹೊರಗಿನ ಈ ಎಲೆಕ್ಟ್ರಾನುಗಳ ವ್ಯವಹಾರ. ಸಾಮಾನ್ಯವಾಗಿ ಕ್ರಮಸಂಖ್ಯೆ ಒಂದು ಹೆಚ್ಚಿದಾಗ ಹೊಸ ಎಲೆಕ್ಟ್ರಾನು ಹೊರಬಾಗಿಲಿನ ಬಳಿ ಸೇರುವುದರಿಂದ ಗುಣ ಬದಲಾಗುತ್ತದೆ. ಲ್ಯಾಂಥನದಿಂದ ಮುಂದಕ್ಕೆ ಹಾಗಾಗುವುದಿಲ್ಲ. ಹೊಸಬರು ಒಬ್ಬೊಬ್ಬರಾಗಿ ಒಳಗಿನ ನಾಲ್ಕನೆಯ ಸುತ್ತಿನಲ್ಲಿ, ವಿಜ್ಞಾನಿಗಳು ‘4 ಎಫ್’ ಎಂದು ಕರೆಯುವ ಕೋಣೆಯಲ್ಲಿ ಹೋಗಿ ಕುಳಿತುಕೊಳ್ಳುತ್ತಾರೆ. ಅಲ್ಲಿ ಹದಿನಾಲ್ಕು ಜನಕ್ಕೆ ಎಡೆಯುಂಟು. ನಿಯೋಡೈಮಿಯದಲ್ಲಿ ನಾಲ್ವರು, ಸಮೇರಿಯದಲ್ಲಿ ಆರು ಮಂದಿ, ಲುಟೀಷಿಯದಲ್ಲಿ ಹದಿನಾಲ್ವರು. ಒಳಗೆ ಎಷ್ಟೇ ಮಂದಿ ಸೇರಲಿ, ಹೊರಬಾಗಿಲಿನ ಮುಖ ಅದೇ ಆಗಿರುತ್ತದೆ. ಆದುದರಿಂದಲೇ ರಸಾಯನಜ್ಞನ ಆಮ್ಲಕ್ಷಾರಗಳಿಗೆ ಈ ಲೋಹಗಳೆಲ್ಲ ಒಂದೇ ಎಂಬಂತೆ ತೋರುವುವು.

ಆದರೂ ಅತಿ ಸೂಕ್ಷ್ಮವಾದ ಒಂದು ವ್ಯತ್ಯಾಸ ಉಳಿಯುತ್ತದೆ. ಕೇಂದ್ರದ ಸೆಳೆತ ಒಂದೊಂದು ಹೆಜ್ಜೆಗೂ ಹೆಚ್ಚುತ್ತ ಹೋಗುವುದರಿಂದ, ಒಳಕೋಣೆಯವರು ಆ ಸೆಳೆತವನ್ನು ಪೂರ್ಣವಾಗಿ ಮರೆಮಾಡಲಾರದೆ, ಕೋಟೆಯೇ ಕಿಂಚಿತ್ತು ಕಿಂಚಿತ್ತಾಗಿ ಕುಗ್ಗುತ್ತದೆ. ಲ್ಯಾಂಥನದಿಂದ ಲುಟೀಷಿಯದವರೆಗೆ ಹೋಗುವಷ್ಟರಲ್ಲಿ ಅಯಾನಿನ ತ್ರಿಜ್ಯ ಸುಮಾರು ಆರರಲ್ಲೊಂದು ಪಾಲು ಕಡಿಮೆಯಾಗುತ್ತದೆ. ಔಯರನ ಹರಳುಗಳು ಹಿಡಿದುದು ಈ ಅಲ್ಪ ಭೇದವನ್ನೇ. 1947ರ ಸುಮಾರಿಗೆ ಅಮೆರಿಕದ ಏಮ್ಸ್ ಊರಿನಲ್ಲಿ ಸ್ಪೆಡಿಂಗ್ ಮತ್ತು ಅವನ ಸಂಗಡಿಗರು ರಾಳದ ಕಣಗಳ ಮೂಲಕ ದ್ರಾವಣವನ್ನು ಇಳಿಸಿ ಇವನ್ನು ಬೇರ್ಪಡಿಸುವ ಮಾರ್ಗವನ್ನು ಬಳಕೆಗೆ ತಂದರು. ಈಗಿನ ಕಾರ್ಖಾನೆಗಳಲ್ಲಿ ಲೋಹದ ದ್ರಾವಣವನ್ನು ಎಣ್ಣೆಯಂತಹ ದ್ರವದೊಡನೆ ಕಲಕಿ, ನಿಲ್ಲಿಸಿ, ಬೇರೆ ಮಾಡುವ ತೊಟ್ಟಿಗಳು ಸಾಲುಸಾಲಾಗಿ ನೂರಾರು ಇರುತ್ತವೆ. ಚಳ್ಳಕೆರೆಯ ಗಿರಣಿಗಳಲ್ಲಿ ಕಡಲೆಕಾಯಿಯ ಸಿಪ್ಪೆಯನ್ನು ಗಾಳಿಯೇ ಹಾರಿಸಿಬಿಡುತ್ತದೆ, ಏಕೆಂದರೆ ಸಿಪ್ಪೆ ಹಗುರ, ಬೀಜ ಭಾರ. ಇಲ್ಲಿ ಬೀಜಕ್ಕೆ ಬೀಜವೇ ಸಮಾನವಾಗಿರುವಾಗ ತೂರಿ ಪ್ರಯೋಜನವಿಲ್ಲ. ಸಾವಿರ ಸಲ ಕೇರಬೇಕು.

ಇನ್ನು ಲೋಹದ ಗುಣಗಳು. ಶುದ್ಧ ನಿಯೋಡೈಮಿಯಂ ಬೆಳ್ಳಿಯಂತೆ ಹೊಳೆಯುವುದು. ಆದರೆ ಗಾಳಿಗೆ ಇಟ್ಟರೆ ಬೇಗನೆ ಮಾಸಿ ಭಸ್ಮದ ಪೊರೆ ಏಳುತ್ತದೆ. ನೀರಿಗಿಂತ ಏಳರಷ್ಟು ಭಾರ. ಸುಮಾರು 1,020 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಕರಗುತ್ತದೆ. ಕೂಡುವಾಗ ಸಾಧಾರಣವಾಗಿ ಮೂರು ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುವುದು: ಹೊರಸುತ್ತಿನ ಎರಡು, ಒಳಕೋಣೆಯ ಒಂದು. ಉಳಿದ ಮೂರು ಒಳಕೋಣೆಯಲ್ಲಿ ಜೊತೆಯಿಲ್ಲದೆ ಇರುತ್ತವೆ. ಬಣ್ಣಕ್ಕೂ ಅಯಸ್ಕಾಂತ ಶಕ್ತಿಗೂ ಅವೇ ಕಾರಣ. ಇವು ಒಳಗೆ ರಕ್ಷಿತವಾಗಿರುವುದರಿಂದ ಬೆಳಕಿನ ಕೆಲವೇ ವರ್ಣಗಳನ್ನು, ಅದೂ ಅಂಚು ಕತ್ತರಿಸಿದಂತೆ ಸ್ಪಷ್ಟವಾಗಿ, ಹೀರುತ್ತವೆ. ಉಪ್ಪು ಬೆಂಕಿಗೆ ಬಿದ್ದಾಗ ಕಾಣುವ ಹಳದಿಯ ಬೆಳಕು ಅವುಗಳಲ್ಲಿ ಒಂದು. ಗಾಜು ಊದುವ ಕೆಲಸಗಾರರು ಉರಿಯ ಹಳದಿ ಕಣ್ಣು ಕುಕ್ಕದಿರಲೆಂದು ಡೈಡೈಮಿಯಂ ಗಾಜಿನ ಕನ್ನಡಕ ಹಾಕಿಕೊಳ್ಳುವುದು ಇದರಿಂದಲೇ. 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯವರು ನಿಯೋಡೈಮಿಯಂ ಬೆರೆತ ಹರಳಿನಿಂದ ಲೇಸರ್ ಕಿರಣವನ್ನು ಹೊರಡಿಸಿದರು. ಕಣ್ಣಿನ ಪೊರೆ ತೆಗೆಸಿಕೊಂಡ ವೃದ್ಧರಲ್ಲಿ ಕೆಲವರಿಗೆ ಕಾಲಾಂತರದಲ್ಲಿ ಪುನಃ ಮಂಕು ಕವಿದಾಗ ವೈದ್ಯರು ಆ ಮಂಕನ್ನು ಬಿಡಿಸಲು ಬಳಸುವುದು ಇದೇ ಕಿರಣವನ್ನು.

ಲೋಕವನ್ನು ಈ ಲೋಹದ ಬೆನ್ನು ಹತ್ತಿಸಿದುದು ಅಯಸ್ಕಾಂತ. 1983ರಲ್ಲಿ ಜಪಾನಿನ ಸಗಾವ ಮತ್ತು ಅಮೆರಿಕದ ಕ್ರೋಟ್ ಎಂಬವರ ತಂಡಗಳು, ಬೇರೆ ಬೇರೆಯಾಗಿ ದುಡಿದು, ನಿಯೋಡೈಮಿಯಂ, ಕಬ್ಬಿಣ, ಬೋರಾನ್ ಕೂಡಿದ ಅಯಸ್ಕಾಂತವನ್ನು ಪ್ರಕಟಪಡಿಸಿದವು. ಅದರಲ್ಲಿ ಎರಡು ಪರಮಾಣು ನಿಯೋಡೈಮಿಯಂಗೆ ಹದಿನಾಲ್ಕು ಪರಮಾಣು ಕಬ್ಬಿಣ, ಒಂದು ಪರಮಾಣು ಬೋರಾನ್. ಬಲದ ಬಹುಭಾಗ ಕಬ್ಬಿಣದ್ದೇ. ಆ ಬಲವು ದಿಕ್ಕು ತಪ್ಪದಂತೆ ಹಿಡಿದಿಡುವುದು ನಿಯೋಡೈಮಿಯಂ. ಕೈಯಲ್ಲಿ ಹಿಡಿಯುವ ಫೋನಿನ ಧ್ವನಿಯಂತ್ರದಿಂದ ಹಿಡಿದು ವಿದ್ಯುತ್ ವಾಹನಗಳ ಮೋಟಾರಿನವರೆಗೆ ಈಗ ಅದರ ಬಳಕೆ ಉಂಟು. ಚಿತ್ರದುರ್ಗದ ಗುಡ್ಡಗಳ ಮೇಲೆ ಕಾಣುವಂತಹ ಗಾಳಿಯಂತ್ರಗಳಲ್ಲಿ ಎಲ್ಲ ಬಗೆಗೂ ಇದು ಬೇಕೆಂದಿಲ್ಲ. ಹಲ್ಲುಚಕ್ರಗಳ ಸಹಾಯವಿಲ್ಲದೆ ರೆಕ್ಕೆಯೊಡನೆ ನೇರವಾಗಿ ತಿರುಗಿ ವಿದ್ಯುತ್ತನ್ನು ಕೊಡುವ ಬಗೆಯವಕ್ಕೆ ಬಹಳವಾಗಿ ಬೇಕು.

ಈಗ ಶಿಲೆಯ ಲಿಪಿಗೆ ಬರೋಣ. ಪ್ರಕೃತಿಯಲ್ಲಿ ದೊರೆಯುವ ನಿಯೋಡೈಮಿಯಂ ಏಳು ತೂಕದ ಪರಮಾಣುಗಳ ಬೆರಕೆ. ಅವುಗಳಲ್ಲಿ 143 ತೂಕದ್ದು ಮಾತ್ರ ಕಾಲಕಳೆದಂತೆ ಬೆಳೆಯುತ್ತಿರುತ್ತದೆ. 147 ತೂಕದ ಸಮೇರಿಯಂ ತನ್ನ ಕೇಂದ್ರದಿಂದ ಎರಡು ಪ್ರೋಟಾನು, ಎರಡು ನ್ಯೂಟ್ರಾನುಗಳ ಒಂದು ಕಣವನ್ನು ತಾನಾಗಿ ಹೊರಕ್ಕೆ ಎಸೆಯುತ್ತದೆ. 62ರಲ್ಲಿ 2 ಹೋದರೆ 60. 147ರಲ್ಲಿ 4 ಹೋದರೆ 143. ಅಂತು ಸಮೇರಿಯಂ ನಿಯೋಡೈಮಿಯಂ ಆಗುತ್ತದೆ. ಈ ಪರಿವರ್ತನೆ ಎಷ್ಟು ನಿಧಾನವೆಂದರೆ, ಇಟ್ಟದ್ದರಲ್ಲಿ ಅರ್ಧ ಮುಗಿಯಲು ಸುಮಾರು 10,600 ಕೋಟಿ ವರ್ಷಗಳು ಬೇಕು. ಹಿಂದಿನವರ ಗಳಿಗೆ ಬಟ್ಟಲಿನಲ್ಲಿ ನೀರು ಒಳಬಂದಂತೆ ಇಲ್ಲಿಯೂ ಒಂದು ಬಟ್ಟಲು ತುಂಬುತ್ತಿದೆ. ಅದರ ರಂಧ್ರ ಮಾತ್ರ ಊಹೆಗೆ ನಿಲುಕದಷ್ಟು ಸಣ್ಣದು. ಒಂದೇ ಜ್ವಾಲಾಮುಖಿಯ ರಸದಿಂದ ಹುಟ್ಟಿದ ಹಲವು ಕಲ್ಲಿನ ತುಣುಕುಗಳನ್ನು ತೆಗೆದುಕೊಂಡರೆ, ಸಮೇರಿಯಂ ಹೆಚ್ಚಿದ್ದ ತುಣುಕಿನಲ್ಲಿ 143 ಹೆಚ್ಚಾಗಿಯೂ ಕಡಿಮೆಯಿದ್ದ ತುಣುಕಿನಲ್ಲಿ ಕಡಿಮೆಯಾಗಿಯೂ ಬೆಳೆದಿರುತ್ತದೆ. ಈ ತಾರತಮ್ಯವನ್ನು ಯಂತ್ರದಿಂದ ಅಳೆದು ಲೆಕ್ಕ ಹಾಕಿದರೆ ಶಿಲೆಯ ವಯಸ್ಸು ಹೊರಬೀಳುತ್ತದೆ. 1970ರ ದಶಕದಲ್ಲಿ ಈ ವಿಧಾನ ಸಿದ್ಧವಾಯಿತು.

ಇದರಲ್ಲಿ ಒಂದು ಸ್ವಾರಸ್ಯವನ್ನು ವಾಚಕರು ಗಮನಿಸಬೇಕು. ಕಾಲವನ್ನು ಅಳೆಯಲು ರುಬಿಡಿಯಂ ಮತ್ತು ಸ್ಟ್ರಾನ್ಷಿಯಂ ಎಂಬ ಇನ್ನೊಂದು ಜೋಡಿಯೂ ಉಂಟು. ಆದರೆ ಅವೆರಡರ ಸ್ವಭಾವ ಬೇರೆ ಬೇರೆ. ಕೋಟ್ಯಂತರ ವರ್ಷಗಳಲ್ಲಿ ಬಿಸಿನೀರು ಹರಿದು, ಶಾಖ ತಗಲಿ, ಕಲ್ಲು ಮಾರ್ಪಟ್ಟಾಗ ಒಂದು ಕೊಚ್ಚಿಹೋಗಿ ಇನ್ನೊಂದು ಉಳಿಯುವುದುಂಟು. ಆಗ ಸಾಕ್ಷ್ಯ ಕೆಡುತ್ತದೆ. ಸಮೇರಿಯಂ ನಿಯೋಡೈಮಿಯಂಗಳಾದರೋ ಒಂದನ್ನೊಂದು ಅಷ್ಟು ಹೋಲುವುದರಿಂದ ಬಿಸಿನೀರಿಗೂ ಶಾಖಕ್ಕೂ ಅವನ್ನು ಅಗಲಿಸುವುದು ಸುಲಭವಲ್ಲ. ರಸಾಯನಜ್ಞರನ್ನು ನೂರು ವರ್ಷ ಕಾಡಿದ ಹೋಲಿಕೆಯೇ ಈ ಲೋಹವನ್ನು ಹಳೆಯ ಶಿಲೆಗಳಿಗೆ ನಂಬಿಕೆಯ ಸಾಕ್ಷಿಯನ್ನಾಗಿ ಮಾಡಿದೆ.

ಈ ಸಾಕ್ಷಿಯು ನಮ್ಮ ಜಿಲ್ಲೆಯ ವಿಷಯದಲ್ಲಿ ಏನು ಹೇಳಿತು? ಚಿತ್ರದುರ್ಗದ ಸುತ್ತಿನ ಕರಿಹಸುರು ಶಿಲೆಗಳು ಧಾರವಾಡ ಶಿಲಾಸಮೂಹಕ್ಕೆ ಸೇರಿದವು. ರಾಬರ್ಟ್ ಬ್ರೂಸ್ ಫೂಟ್ ಮಹಾಶಯರು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅದಕ್ಕೆ ಆ ಹೆಸರಿಟ್ಟರು. ಅವುಗಳಲ್ಲಿ ಸಮುದ್ರದ ಅಡಿಯಲ್ಲಿ ಉಕ್ಕಿ ಹೆಪ್ಪುಗಟ್ಟಿದ ಜ್ವಾಲಾಮುಖಿಯ ಕಲ್ಲುಗಳೂ ಇವೆ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾಲಯದ ವಿದ್ವಾಂಸರು ಧಾರವಾಡ ಸಮೂಹದ ಜ್ವಾಲಾಮುಖಿ ಶಿಲೆಗಳನ್ನು ಇದೇ ಸಮೇರಿಯಂ ನಿಯೋಡೈಮಿಯಂ ವಿಧಾನದಿಂದ ಪರೀಕ್ಷಿಸಿ, ಚಿತ್ರದುರ್ಗ ವರ್ಗದವುಗಳ ವಯಸ್ಸು ಸುಮಾರು 275 ಕೋಟಿ ವರ್ಷಗಳೆಂದು 1996ರಲ್ಲಿ ಪ್ರಕಟಿಸಿದರು. ಇಷ್ಟು ದೀರ್ಘಕಾಲದಲ್ಲಿ ಆ ಶಿಲೆಗಳೊಳಗಿನ 147 ತೂಕದ ಸಮೇರಿಯಂ ನೂರರಲ್ಲಿ ಎರಡು ಪಾಲಿನಷ್ಟೂ ಕರಗಿಲ್ಲ. ಇನ್ನು ರಾಮನಗರದ ಕಡೆಯಿಂದ ಉತ್ತರಕ್ಕೆ ಪಾವಗಡದ ಮೇಲೆ ನಮ್ಮ ಪೂರ್ವದ ಸೀಮೆಯನ್ನು ಹಾಯುವ ಗ್ರಾನೈಟ್ ಪಟ್ಟಿಯೊಂದುಂಟು. ರಾಮನಗರದ ಹಳೆಯ ಹೆಸರಿನಿಂದ ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುವರು. ಜಿರ್ಕಾನ್ ಎಂಬ ಹರಳಿನಲ್ಲಿರುವ ಯುರೇನಿಯಂ ಮತ್ತು ಸೀಸದ ಲೆಕ್ಕದಿಂದ ಅದರ ವಯಸ್ಸು ಸುಮಾರು 250 ಕೋಟಿ ವರ್ಷಗಳೆಂದು ನಿಶ್ಚಿತವಾಗಿದೆ. ಅದು ಎಲ್ಲಿಂದ ಬಂದಿತೆಂಬುದನ್ನು ಹೇಳಿದುದು ಮಾತ್ರ ನಿಯೋಡೈಮಿಯಂ: ಒಂದು ಪಾಲು ಭೂಮಿಯ ಒಳಪದರದಿಂದ ಹೊಸದಾಗಿ ಎದ್ದು ಬಂದ ರಸ, ಇನ್ನೊಂದು ಪಾಲು ಅದಕ್ಕೂ ಹಿಂದೆ ಇದ್ದ ನೆಲವೇ ಕರಗಿ ಆದ ರಸ. ಅಶೋಕನ ಆಜ್ಞೆಯ ವಯಸ್ಸು ಎರಡು ಸಾವಿರದ ಇನ್ನೂರೈವತ್ತು ವರ್ಷಗಳಿಗೆ ಸ್ವಲ್ಪ ಮೇಲೆ. ಅದರ ಹತ್ತು ಲಕ್ಷ ಮಡಿಯಷ್ಟು ಹಿಂದಿನ ಮಾತನ್ನು ಈ ಸೀಮೆಯ ಬಂಡೆಗಳು ಇಟ್ಟುಕೊಂಡಿವೆ.

ಇಲ್ಲಿಯವರೆಗಿನ ಕಥೆಯಿಂದ ತಿಳಿಯಬೇಕಾದ ನೀತಿ ಕೇವಲ ಪಂಡಿತರಿಗೆ ಸೇರಿದುದಲ್ಲ. ನಮ್ಮ ದೇಶಕ್ಕೆ ಈ ಖನಿಜದ ಕೊರತೆಯಿಲ್ಲ. ಕೇರಳ, ತಮಿಳುನಾಡು, ಒಡಿಶಾ, ಆಂಧ್ರ ಮೊದಲಾದ ಕಡೆಯ ಮರಳಿನಲ್ಲಿ ಸುಮಾರು 1 ಕೋಟಿ 31 ಲಕ್ಷ ಟನ್ ಮೋನಝೈಟ್ ಇರುವುದಾಗಿ ಭಾರತ ಸರ್ಕಾರದ ಗಣನೆ. ಇಂಡಿಯನ್ ರೇರ್ ಅರ್ತ್ಸ್ ಎಂಬ ಕಂಪೆನಿ 1950ರ ಆಗಸ್ಟ್ 18ರಂದೇ ಸ್ಥಾಪಿತವಾಗಿ, 1952ರ ಡಿಸೆಂಬರಿನಲ್ಲಿ ಆಲುವಾಯಲ್ಲಿ ಅದರ ಕಾರ್ಖಾನೆಯನ್ನು ಪಂಡಿತ ನೆಹರೂರವರು ರಾಷ್ಟ್ರಕ್ಕೆ ಸಮರ್ಪಿಸಿದರು. ಹೀಗೆ ಮೊದಲಲ್ಲೇ ಹೆಜ್ಜೆಯಿಟ್ಟ ದೇಶವು, ಲೋಹಗಳನ್ನು ಒಂದೊಂದಾಗಿ ಬೇರ್ಪಡಿಸಿ ಅಯಸ್ಕಾಂತವನ್ನಾಗಿ ಮಾಡುವ ಕೊನೆಯ ಹಂತಗಳಲ್ಲಿ ಹಿಂದೆ ಬಿದ್ದಿತು. ಲೋಕಕ್ಕೆ ಬೇಕಾದ ಶುದ್ಧೀಕರಣದ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಚೀನಾ ದೇಶದ ಕೈ ಸೇರಿತು. 2025ರ ಏಪ್ರಿಲ್ ತಿಂಗಳಲ್ಲಿ ಆ ಸರ್ಕಾರವು ಸಮೇರಿಯಂ ಮೊದಲಾದ ಏಳು ಲೋಹಗಳಿಗೂ ಅವುಗಳಿಂದಾದ ಅಯಸ್ಕಾಂತಗಳಿಗೂ ರಫ್ತಿನ ಅಪ್ಪಣೆಯನ್ನು ಕಡ್ಡಾಯ ಮಾಡಿದಾಗ ನಮ್ಮ ವಾಹನ ತಯಾರಕರು ಕಳವಳಪಟ್ಟುದು ಪತ್ರಿಕೆಗಳಿಂದ ತಿಳಿದೇ ಇದೆ. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರ ಸರ್ಕಾರವು ಇಂಥ ಅಯಸ್ಕಾಂತಗಳನ್ನು ಸ್ವದೇಶದಲ್ಲಿಯೇ ಮಾಡಲು 7,280 ಕೋಟಿ ರೂಪಾಯಿಗಳ ಯೋಜನೆಗೆ ಸಮ್ಮತಿಯಿತ್ತಿತು. ಮರಳು ಇದ್ದರೆ ಸಾಲದು, ಮರಳಿನಲ್ಲಿ ಕಣವನ್ನು ಕಣದಿಂದ ಬೇರೆ ಮಾಡುವ ವಿವೇಕ ಬೇಕು. ವಿವೇಕವೆಂಬ ಶಬ್ದಕ್ಕೆ ಮೂಲಾರ್ಥವೂ ಬೇರ್ಪಡಿಸುವುದೆಂದೇ ಅಲ್ಲವೆ?

ನಮ್ಮ ತಾಲ್ಲೂಕುಗಳಲ್ಲಿ ಈ ಮಾತಿಗೆ ಇನ್ನೊಂದು ಮುಖವುಂಟು. ಹಳೆಯ ಗುಡಿಗಳಲ್ಲಿಯೂ ಬೆಟ್ಟಗಳಲ್ಲಿಯೂ ನಿಧಿಯಿದೆಯೆಂದು ನಡುರಾತ್ರಿ ಅಗೆಯುವ ಅವಿವೇಕ ಇನ್ನೂ ಅಳಿದಿಲ್ಲ. ಅಪರೂಪದ ಲೋಹವೆಂಬ ಹೆಸರು ಪತ್ರಿಕೆಗಳಲ್ಲಿ ಕಂಡೊಡನೆ, ನಮ್ಮ ಕಲ್ಲಿನಲ್ಲಿಯೂ ಅದಿದೆಯೇ ಎಂದು ಕೇಳುವವರಿದ್ದಾರೆ. ಇದೆ, ಎಲ್ಲ ಗ್ರಾನೈಟುಗಳಲ್ಲಿ ಇರುವಂತೆ ಟನ್ನಿಗೆ ಕೆಲವು ಗ್ರಾಂಗಳ ಲೆಕ್ಕದಲ್ಲಿ ಇದೆ. ಬೆಟ್ಟವನ್ನೇ ಪುಡಿಮಾಡಿದರೂ ಆ ಲೋಹದಿಂದ ಕೂಲಿ ಗಿಟ್ಟದು. ಪುಡಿಯಾದ ಮೇಲೆ ಶಾಸನವೂ ಉಳಿಯದು, ಬಂಡೆ ಯಾವ ಬೆಟ್ಟದ ಯಾವ ಪದರಕ್ಕೆ ಸೇರಿತ್ತೆಂಬ ಕುರುಹೂ ಉಳಿಯದು. ಆ ಕೆಲವು ಗ್ರಾಂಗಳ ಬೆಲೆ ಇರುವುದು ಅವು ಇದ್ದಲ್ಲಿಯೇ ಇದ್ದು ಹೇಳುವ ಸಾಕ್ಷ್ಯದಲ್ಲಿ.

ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ, ಹಿಂದೆ ಅಮೃತಮಹಲ್ ದನಗಳು ಮೇಯುತ್ತಿದ್ದ ಕಾವಲಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ ನೆಲೆಗೊಂಡಿದೆ. ಅಲ್ಲಿ ಶಾಲಾ ಅಧ್ಯಾಪಕರಿಗೆ ವಿಜ್ಞಾನದ ಶಿಕ್ಷಣ ನಡೆಯುತ್ತಿರುವುದು ಸಂತೋಷದ ಸಂಗತಿ. ಕಾವಲುಗಳನ್ನು ಹೀಗೆ ಹಲವು ಸಂಸ್ಥೆಗಳಿಗೆ ವಹಿಸಿದಾಗ ಹುಲ್ಲುಗಾವಲನ್ನು ಕಳೆದುಕೊಂಡ ಊರುಗಳವರು ನ್ಯಾಯಪೀಠದವರೆಗೆ ಹೋದುದೂ ಉಂಟು. ನೆಲ ಹೋದ ನೋವನ್ನು ಲೇಖನವು ನಿವಾರಿಸಲಾರದು. ಆದರೆ ಆ ನೆಲದ ಮೇಲೆ ಬೆಳೆಯುವ ವಿದ್ಯೆ ಆ ಊರುಗಳ ಮಕ್ಕಳಿಗೆ ಅವರ ಭಾಷೆಯಲ್ಲಿಯೇ ದೊರೆಯಬೇಕೆಂದು ಕೇಳುವುದು ನ್ಯಾಯ. ಪಾಠಶಾಲೆಯ ಅಧ್ಯಾಪಕರು ಮಕ್ಕಳನ್ನು ಬ್ರಹ್ಮಗಿರಿಗೆ ಕರೆದೊಯ್ಯುವುದು ವಾಡಿಕೆ. ಆಗ ಚಪಡನ ಎರಡು ಲಿಪಿಗಳನ್ನು ತೋರಿಸಿದ ಮೇಲೆ, ಬಂಡೆಯನ್ನು ಕೈಯಿಂದ ಮುಟ್ಟಿಸಿ, ಅದರೊಳಗಣ ಯಮಳ ಲೋಹದ ಮಾತನ್ನೂ ಹತ್ತು ನಿಮಿಷ ಹೇಳಲೆಂದು ಪ್ರಾರ್ಥಿಸುತ್ತೇವೆ. ಕೇಳಿದವರಲ್ಲಿ ಒಬ್ಬ ಹುಡುಗನೋ ಹುಡುಗಿಯೋ ಮುಂದೆ ಕುದಾಪುರದ ಬಾಗಿಲನ್ನು ವಿದ್ಯಾರ್ಥಿಯಾಗಿ ಹೊಕ್ಕರೆ ಆ ಹತ್ತು ನಿಮಿಷ ಸಾರ್ಥಕ.